ಆರೈಕೆಯ ತಾಣಗಳನ್ನು ಅಳೆಯುವುದು ಹೇಗೆ?



ಇನ್ನೊಬ್ಬರ ಕೈಯನ್ನು ನಂಬಿ ಬದುಕಬೇಕಾದ ಕಾಲ ಪ್ರತಿಯೊಬ್ಬರ ಬಾಳಿನಲ್ಲೂ ಬರುತ್ತದೆ. ಎಳೆತನದಲ್ಲಿ, ಕಾಯಿಲೆ ಬಿದ್ದಾಗ, ಮುಪ್ಪಿನಲ್ಲಿ ನಮ್ಮ ಆರೈಕೆಗೆ ಮನೆಯೊಂದೇ ಸಾಲದೆ ಹೋಗಬಹುದು. ಆಗ ನೆರವಿಗೆ ಬರುವುದು ಅಂಗನವಾಡಿ, ಬಾಲಮಂದಿರ, ಆಸ್ಪತ್ರೆ, ವೃದ್ಧಾಶ್ರಮಗಳು. ಓದಿಗಾಗಿ ಊರು ಬಿಟ್ಟು ಬಂದ ನಿಮ್ಮಲ್ಲಿ ಎಷ್ಟೋ ಮಂದಿಗೆ ವಿದ್ಯಾರ್ಥಿನಿಲಯವೇ ಈಗ ಮನೆ. ಇಂಥ ಒಂದು ತಾಣ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಅದನ್ನು ಉತ್ತಮಗೊಳಿಸುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಕುರಿತು ಇಂದು ಯೋಚಿಸೋಣ.

ಪ್ರಶ್ನೆ ಎಷ್ಟು ಗಂಭೀರವಾದುದು ಎಂಬುದಕ್ಕೆ ಒಂದು ಉದಾಹರಣೆ ಸಾಕು. 2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ಮಾನಸಿಕ ರೋಗಿಗಳನ್ನು ಇರಿಸಿಕೊಂಡಿದ್ದ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿತ್ತು. 28 ಮಂದಿ ಸತ್ತರು. ಸರಪಳಿಯಿಂದ ಕಟ್ಟಿಹಾಕಿದ್ದ ಅವರಿಗೆ ಓಡಿ ಪಾರಾಗುವ ದಾರಿಯೇ ಇರಲಿಲ್ಲ. ಸರ್ವೋಚ್ಚ ನ್ಯಾಯಾಲಯ ಪ್ರಕರಣವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಮುಂದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ರೋಗಿಗಳನ್ನು ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿತು. ಅಂಥ ಕಡೆ ರೋಗಿಗಳನ್ನು ಕರೆತಂದು ಬಿಡುತ್ತಿದ್ದವರು ಬಹುಮಟ್ಟಿಗೆ ಮನೆಯವರೇ. ಗುಣವಾಗಲಿ ಎಂಬ ನಂಬಿಕೆ ಅವರಿಗಿತ್ತು. ಒಳಗೆ ಏನು ನಡೆಯುತ್ತಿದೆ ಎಂದು ನೋಡುವ ಕಣ್ಣು ಮಾತ್ರ ಯಾರದೂ ಇರಲಿಲ್ಲ.

ಸಾಮಾನ್ಯವಾಗಿ ನಾವು ಕಟ್ಟಡ ನೋಡಿ ತೀರ್ಪು ಕೊಡುತ್ತೇವೆ. ಗೋಡೆಗೆ ಹೊಸ ಬಣ್ಣ, ಅಂಗಳದಲ್ಲಿ ಹೂಕುಂಡ ಇದ್ದರೆ ಮೆಚ್ಚಿಕೊಳ್ಳುತ್ತೇವೆ. ಆದರೆ ಮೇಲೆ ಥಳಕು, ಒಳಗೆ ಹುಳುಕು ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ಬೈರೂತ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ವೈದ್ಯ ಅವೆಡಿಸ್ ಡೊನಬೇಡಿಯನ್ ಅವರು 1966ರಲ್ಲಿ ಇದಕ್ಕೊಂದು ಕ್ರಮವನ್ನು ಹೇಳಿದರು. ಆರೈಕೆಯನ್ನು ಮೂರು ನೆಲೆಗಳಲ್ಲಿ ನೋಡಬೇಕು: ಏನಿದೆ, ಏನು ಮಾಡುತ್ತಾರೆ, ಅದರಿಂದ ಏನಾಯಿತು. ಅಡುಗೆಮನೆಯನ್ನೇ ನೆನೆಯಿರಿ. ಒಲೆ, ಪಾತ್ರೆ, ದಿನಸಿ ಇರುವುದು ಮೊದಲನೆಯದು. ಹದವಾಗಿ ಬೇಯಿಸಿ ಹೊತ್ತಿಗೆ ಸರಿಯಾಗಿ ಬಡಿಸುವುದು ಎರಡನೆಯದು. ಉಂಡವರ ಹಸಿವು ತೀರಿ ಮೈ ನೆಮ್ಮದಿಯಾಗಿರುವುದು ಮೂರನೆಯದು.

ಇದನ್ನು ಅಂಗನವಾಡಿಗೆ ಅನ್ವಯಿಸೋಣ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಅಂಗನವಾಡಿಯಲ್ಲಿ ತೂಕದ ಯಂತ್ರ ಇದೆಯೇ ಎಂಬುದು ಮೊದಲ ಪ್ರಶ್ನೆ. ತಿಂಗಳು ತಿಂಗಳೂ ಮಗುವನ್ನು ತೂಗಿ ಬೆಳವಣಿಗೆಯ ಪಟ್ಟಿಯಲ್ಲಿ ಗುರುತು ಹಾಕುತ್ತಾರೆಯೇ ಎಂಬುದು ಎರಡನೆಯದು. ಗುರುತುಗಳನ್ನು ಸೇರಿಸುವ ಗೆರೆ ಮೇಲಕ್ಕೆ ಏರುತ್ತಿದೆಯೇ ಎಂಬುದು ಮೂರನೆಯದು. ಗೆರೆ ಕೆಳಗಿಳಿದರೂ ಯಾರೊಬ್ಬರೂ ಆ ಮಗುವಿನ ಮನೆಗೆ ಹೋಗದಿದ್ದರೆ, ತೂಗಿದ್ದೂ ಬರೆದದ್ದೂ ವ್ಯರ್ಥ.

ವೃದ್ಧಾಶ್ರಮಕ್ಕೂ ಇದೇ ಕ್ರಮ. ಹಾಸಿಗೆ ಹಿಡಿದ ಅಜ್ಜಿಯ ಮಗ್ಗುಲನ್ನು ಆಗಾಗ, ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ, ಬದಲಿಸಬೇಕೆಂದು ದಾದಿಯರಿಗೆ ಕಲಿಸುತ್ತಾರೆ. ಇಲ್ಲದಿದ್ದರೆ ಒತ್ತಡ ಬಿದ್ದ ಕಡೆ ರಕ್ತ ಹರಿಯದೆ ಹುಣ್ಣಾಗುತ್ತದೆ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇದ್ದಾರೆ, ಮಗ್ಗುಲು ಬದಲಿಸಿದ್ದನ್ನು ಬರೆದಿಡುತ್ತಾರೆಯೇ, ಎಷ್ಟು ಜನರಿಗೆ ಬೆನ್ನುಹುಣ್ಣು ಆಗಿದೆ ಎಂದು ಕೇಳಿದರೆ, ಕಟ್ಟಡ ಹೇಳದ ಸತ್ಯ ತಾನಾಗಿ ಹೊರಬೀಳುತ್ತದೆ.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಅಲ್ಲಿರುವವರ ಇಚ್ಛೆಗೆ ಬೆಲೆ ಇದೆಯೇ? ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು 1976ರಲ್ಲಿ ಅಮೆರಿಕದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಒಂದು ಅಂತಸ್ತಿನ ವೃದ್ಧರಿಗೆ ಗಿಡವೊಂದನ್ನು ಕೊಟ್ಟು, ನೀರೆರೆಯುವುದನ್ನೂ ಕೋಣೆಯ ಏರ್ಪಾಟನ್ನೂ ಅವರಿಗೇ ಬಿಟ್ಟರು. ಇನ್ನೊಂದು ಅಂತಸ್ತಿನವರಿಗೂ ಗಿಡ ಸಿಕ್ಕಿತು, ಆದರೆ ಎಲ್ಲವನ್ನೂ ಸಿಬ್ಬಂದಿಯೇ ನೋಡಿಕೊಂಡರು. ಮೂರು ವಾರಗಳಲ್ಲಿ ಮೊದಲನೆಯ ಗುಂಪಿನವರು ಹೆಚ್ಚು ಚುರುಕಾಗಿ, ಲವಲವಿಕೆಯಿಂದ ಕಂಡುಬಂದರು. ಅದು ಚಿಕ್ಕ ಪ್ರಯೋಗ, ನಿಜ. ಆದರೆ ಅದು ಎತ್ತಿದ ಪ್ರಶ್ನೆ ಚಿಕ್ಕದಲ್ಲ.

ಇನ್ನು ಸುಧಾರಣೆಯ ಮಾತು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ವೈದ್ಯರೂ ವೈದ್ಯವಿದ್ಯಾರ್ಥಿಗಳೂ ಇದ್ದ ವಿಭಾಗದಲ್ಲಿ, ಸೂಲಗಿತ್ತಿಯರ ವಿಭಾಗಕ್ಕಿಂತ ಹೆಚ್ಚು ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ಇಗ್ನಾಜ್ ಸೆಮೆಲ್‌ವೈಸ್ ಎಂಬ ವೈದ್ಯ ಸಾವುಗಳನ್ನು ಎಣಿಸಿದ, ಹೋಲಿಸಿದ. ಶವಪರೀಕ್ಷೆ ಮಾಡಿದ ಕೈಗಳೇ ಹೆರಿಗೆಗೂ ಬರುತ್ತಿದ್ದುದನ್ನು ಗುರುತಿಸಿ, ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ನಿಯಮ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ವೇಳೆಗೆ 3ಕ್ಕಿಂತ ಕೆಳಗಿಳಿಯಿತು. ಹೊಸ ಕಟ್ಟಡ ಬರಲಿಲ್ಲ. ಎಣಿಸಿ, ಒಂದನ್ನು ಬದಲಿಸಿ, ಮತ್ತೆ ಎಣಿಸಿದ್ದರ ಫಲ ಅದು.

ನಮ್ಮ ದೇಶದಲ್ಲಿ 2013ರಿಂದ ಸರಕಾರಿ ಆಸ್ಪತ್ರೆಗಳಿಗೆ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳಿವೆ. ಪರೀಕ್ಷಿಸುವವರು ಕಣ್ಣಾರೆ ನೋಡುತ್ತಾರೆ, ದಾಖಲೆ ಓದುತ್ತಾರೆ, ಸಿಬ್ಬಂದಿಯನ್ನು ಕೇಳುತ್ತಾರೆ, ರೋಗಿಗಳನ್ನೂ ಕೇಳುತ್ತಾರೆ. ಈ ನಾಲ್ಕರಲ್ಲಿ ಒಂದನ್ನು ಬಿಟ್ಟರೂ ಚಿತ್ರ ಪೂರ್ಣವಾಗದು. ದಾಖಲೆಯೊಂದನ್ನೇ ನಂಬಿದರೆ, ಪುಸ್ತಕ ತುಂಬಿಸುವುದೇ ಕೆಲಸವಾಗಿಬಿಡುತ್ತದೆ. ಆರೈಕೆ ಮಾಡುವವರ ಕಷ್ಟವನ್ನೂ ಕೇಳಬೇಕು. ಒಬ್ಬಳೇ ಆಯಾ ರಾತ್ರಿಯಿಡೀ ಮೂವತ್ತು ಜನರನ್ನು ನೋಡಿಕೊಳ್ಳಬೇಕಾದರೆ, ತಪ್ಪಿಗೆ ಅವಳನ್ನು ಬೈದು ಪ್ರಯೋಜನವಿಲ್ಲ.

ನೀವೇನು ಮಾಡಬಹುದು? ನಿಮ್ಮ ವಿದ್ಯಾರ್ಥಿನಿಲಯದಿಂದಲೇ ಆರಂಭಿಸಿ. ಕುಡಿಯುವ ನೀರಿನ ತೊಟ್ಟಿಯನ್ನು ತೊಳೆದದ್ದು ಯಾವಾಗ? ರಾತ್ರಿ ಯಾರಿಗಾದರೂ ಜ್ವರ ಬಂದರೆ ಯಾರನ್ನು ಎಬ್ಬಿಸಬೇಕು? ಒಂದು ತಿಂಗಳಲ್ಲಿ ಎಷ್ಟು ಜನರಿಗೆ ಹೊಟ್ಟೆ ಕೆಟ್ಟಿತು? ದಿನಾಂಕ ಸಹಿತ ಬರೆದಿಟ್ಟು ವಾರ್ಡನ್ನರ ಬಳಿ ವಿನಯದಿಂದ ಮಾತನಾಡಿ. ಬರಿಯ ದೂರನ್ನು ತಳ್ಳಿಹಾಕುವುದು ಸುಲಭ, ಲೆಕ್ಕವನ್ನು ತಳ್ಳಿಹಾಕುವುದು ಕಷ್ಟ. ವೃದ್ಧಾಶ್ರಮಕ್ಕೆ ಹಣ್ಣು ಹಂಚಲು ಹೋದಾಗ ಛಾಯಾಚಿತ್ರ ತೆಗೆಸಿಕೊಂಡು ಮರಳಬೇಡಿ. ಪಕ್ಕದಲ್ಲಿ ಕುಳಿತು, "ಕರೆದರೆ ಯಾರಾದರೂ ಬರುತ್ತಾರೆಯೇ ಅಜ್ಜಿ?" ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಮಗುವಿಗೆ ಹಿಂಸೆಯಾಗುತ್ತಿದೆ ಎನಿಸಿದರೆ 1098ಕ್ಕೆ, ಹಿರಿಯರಿಗಾದರೆ 14567ಕ್ಕೆ ದೂರವಾಣಿ ಮಾಡಿ.

ತನ್ನ ಪರವಾಗಿ ಮಾತನಾಡಲಾರದ ವ್ಯಕ್ತಿಯನ್ನು, ಯಾರೂ ನೋಡದಿರುವಾಗ ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದೇ ಆರೈಕೆಯ ನಿಜವಾದ ಅಳತೆ. ಆ ಅಳತೆಗೋಲನ್ನು ಹಿಡಿಯಲು ಪದವಿ ಬೇಕಿಲ್ಲ. ಕೇಳುವ ಮನಸ್ಸು, ಬರೆದಿಡುವ ಶ್ರದ್ಧೆ ಇದ್ದರೆ ಸಾಕು. ಎರಡೂ ನಿಮ್ಮಲ್ಲಿವೆ.