ವಿವಾಹದ ಲಕ್ಷಣವೂ ಶಾಸನವೂ



ಮದುವೆ ಎಂದರೇನೆಂದು ಕೇಳಿದರೆ ನಮ್ಮಲ್ಲಿ ಯಾರೂ ತಡವರಿಸುವುದಿಲ್ಲ. ಹಸೆ, ಓಲಗ, ಧಾರೆ, ಮಾಂಗಲ್ಯ ಇವು ಕೂಡಲೆ ಕಣ್ಣ ಮುಂದೆ ನಿಲ್ಲುತ್ತವೆ. ಆದರೆ ಅದೇ ಪ್ರಶ್ನೆಯನ್ನು ನ್ಯಾಯಸ್ಥಾನವು ಕೇಳಿದಾಗ ಉತ್ತರವು ಅಷ್ಟು ಸುಲಭವಾಗಿರುವುದಿಲ್ಲ. ಆ ಉತ್ತರವನ್ನು ಅವಲಂಬಿಸಿ ಒಬ್ಬ ಸ್ತ್ರೀಯ ಜೀವನಾಂಶವೂ ದಾಯದ ಹಕ್ಕೂ ನಿಂತಿರುತ್ತವೆ.

ವಿವಾಹವು ಸಂಸ್ಕಾರವಾಗಿರುವಲ್ಲಿ ಶಾಸನಕ್ಕೇನು ಕೆಲಸವೆಂದು ಕೆಲವರು ಕೇಳುವುದುಂಟು. ಈ ಆಕ್ಷೇಪಣೆಗೆ ಮೈಸೂರು ಸಂಸ್ಥಾನವು 1894ರಲ್ಲಿಯೇ ಉತ್ತರವನ್ನು ಕೊಟ್ಟಿತು. ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನೂ, ಐವತ್ತು ವರ್ಷ ಮೀರಿದ ಪುರುಷರು ಹದಿನಾಲ್ಕು ತುಂಬದ ಕನ್ಯೆಯರನ್ನು ವರಿಸುವುದನ್ನೂ ಅದು ಕಾಯಿದೆಯಿಂದ ನಿಷೇಧಿಸಿತು. ಸಂಸ್ಕಾರವು ಸಂಸ್ಕಾರವಾಗಿಯೇ ಉಳಿಯಿತು. ಅದರ ಹೆಸರಿನಲ್ಲಿ ನಡೆಯಬಹುದಾಗಿದ್ದ ಅನ್ಯಾಯಕ್ಕೆ ಒಂದು ಎಲ್ಲೆ ಏರ್ಪಟ್ಟಿತು.

ಇನ್ನು 1955ರ ಹಿಂದೂ ವಿವಾಹ ಶಾಸನವನ್ನು ನೋಡೋಣ. ಅದರ 7ನೆಯ ಪ್ರಕರಣದಂತೆ, ವಧೂವರರಲ್ಲಿ ಯಾರ ಕಡೆಯ ಆಚಾರವನ್ನಾದರೂ ಅನುಸರಿಸಿ ವಿವಾಹವನ್ನು ನೆರವೇರಿಸಬಹುದು. ಆ ಆಚಾರದಲ್ಲಿ ಸಪ್ತಪದಿಯು ಸೇರಿದ್ದರೆ, ಏಳನೆಯ ಹೆಜ್ಜೆಯನ್ನಿಟ್ಟಾಗ ಮದುವೆಯು ಪೂರ್ಣವಾಗುತ್ತದೆ. ಮೇಲುನೋಟಕ್ಕೆ ಇದು ಉದಾರವಾದ ವಿಧಿ. ಆದರೆ ಕ್ರಿಯಾಲೋಪವಾದರೆ ಆಗುವುದೇನು?

ಮಹಾರಾಷ್ಟ್ರದ ಒಂದು ಮೊಕದ್ದಮೆಯು 1965ರಲ್ಲಿ ಇದನ್ನು ತೋರಿಸಿಕೊಟ್ಟಿತು. ಹೆಂಡತಿ ಬದುಕಿರುವಾಗಲೇ ಮತ್ತೊಬ್ಬಳನ್ನು ಮದುವೆಯಾದನೆಂದು ಒಬ್ಬನ ಮೇಲೆ ಆಪಾದನೆ ಬಂದಿತು. ಎರಡನೆಯ ಮದುವೆಯಲ್ಲಿ ಅವಶ್ಯವಾದ ಕ್ರಿಯೆಗಳು ನಡೆದಿರಲಿಲ್ಲವಾದುದರಿಂದ ಅದು ಶಾಸನದ ದೃಷ್ಟಿಯಲ್ಲಿ ಮದುವೆಯೇ ಅಲ್ಲವೆಂದೂ, ಆದುದರಿಂದ ದ್ವಿಪತ್ನಿತ್ವದ ಅಪರಾಧವೂ ಇಲ್ಲವೆಂದೂ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆತನು ಬಿಡುಗಡೆ ಹೊಂದಿದನು. ಮೊದಲನೆಯವಳಿಗೆ ಶಾಸನದ ರಕ್ಷಣೆ ದೊರೆಯಲಿಲ್ಲ. ಎರಡನೆಯವಳಿಗೆ ಪತ್ನಿಯೆಂಬ ಸ್ಥಾನವೂ ದೊರೆಯಲಿಲ್ಲ. ಲಕ್ಷಣದಲ್ಲಿದ್ದ ಬಿಗಿಯು ತಪ್ಪಿತಸ್ಥನಿಗೇ ಆಶ್ರಯವಾಯಿತು.

ಇದಕ್ಕೆ ಇನ್ನೊಂದು ಮಾರ್ಗವನ್ನು ನೆರೆಯ ಮದರಾಸು ಪ್ರಾಂತವು ತೋರಿಸಿತು. ಅಲ್ಲಿ ಸ್ವಾಭಿಮಾನ ಚಳವಳಿಯವರು ಪುರೋಹಿತರಿಲ್ಲದೆ ಮದುವೆಗಳನ್ನು ನಡೆಯಿಸುತ್ತಿದ್ದರು. ಅವು ಪ್ರಾಚೀನ ಆಚಾರಕ್ಕೆ ಸೇರಿದವಲ್ಲವಾಗಿ ಸಿಂಧುವಲ್ಲವೆಂದು ಮದರಾಸಿನ ಹೈಕೋರ್ಟು 1953ರಲ್ಲಿ ನಿರ್ಣಯಿಸಿತು. ವರ್ಷಗಟ್ಟಲೆ ಸಂಸಾರ ನಡೆಯಿಸಿದ ಗೃಹಿಣಿಯರ ಸ್ಥಾನವೇ ಇದರಿಂದ ಸಂದೇಹಕ್ಕೊಳಗಾಯಿತು. 1967ರಲ್ಲಿ ಅಣ್ಣಾದುರೈಯವರ ಸರ್ಕಾರವು 7-ಎ ಪ್ರಕರಣವನ್ನು ಸೇರಿಸಿತು. ಬಂಧುಮಿತ್ರರ ಸಮಕ್ಷಮದಲ್ಲಿ, ತಮಗೆ ತಿಳಿಯುವ ಭಾಷೆಯಲ್ಲಿ, ಪರಸ್ಪರ ಅಂಗೀಕಾರವನ್ನು ನುಡಿದರೆ ಸಾಕು. ಹಾರವನ್ನೋ ಉಂಗುರವನ್ನೋ ತೊಡಿಸಿದರೂ, ತಾಳಿಯನ್ನು ಕಟ್ಟಿದರೂ ಸಾಕು. ಹಿಂದೆ ನಡೆದಿದ್ದ ಇಂತಹ ವಿವಾಹಗಳಿಗೂ ಅದು ಮಾನ್ಯತೆಯನ್ನಿತ್ತಿತು. ಹೋಮ ಸಪ್ತಪದಿಗಳನ್ನು ಬಯಸುವವರಿಗೆ ಇದರಿಂದ ಯಾವ ಅಡ್ಡಿಯೂ ಆಗಲಿಲ್ಲ.

ಸಮಲಿಂಗ ಜೋಡಿಗಳ ವಿವಾಹದ ಪ್ರಶ್ನೆಯು 2023ರಲ್ಲಿ ಬಂದಾಗಲೂ, ಆ ನಿರ್ಣಯವು ಶಾಸನಸಭೆಗೆ ಸೇರಿದ್ದೆಂದು ಸುಪ್ರೀಂ ಕೋರ್ಟು ಹೇಳಿತು. ಹೀಗೆ ಹೊಣೆಯು ಶಾಸನಕರ್ತರಿಗೂ, ಅವರನ್ನು ಆರಿಸಿ ಕಳುಹಿಸುವ ನಮಗೂ ಬಂದಿದೆ. ವಿವಾಹದ ಲಕ್ಷಣವನ್ನು ಬರೆಯಹೊರಟವರು ಯಾವ ಕ್ರಿಯೆ ಇರಬೇಕೆಂದು ಯೋಚಿಸುವಾಗಲೇ, ಆ ಕ್ರಿಯೆಯಲ್ಲಿ ಲೋಪವಾದರೆ ನಷ್ಟವನ್ನು ಅನುಭವಿಸುವವರು ಯಾರೆಂಬುದನ್ನೂ ಯೋಚಿಸಬೇಕೆಂಬುದೇ ನನ್ನ ವಿಜ್ಞಾಪನೆ.