ಕೊಯ್ಲಿನ ಲೆಕ್ಕ

ಘಟ್ಟದ ಮೇಲಣ ಶ್ರೋತೃಗಳಿಗೆ ಕೊಯ್ಲೆಂದರೆ ಸಂಕ್ರಾಂತಿಯ ಎಳೆಬಿಸಿಲು, ಸಾರಿಸಿದ ಕಣ, ಹದವಾಗಿ ಒಣಗಿದ ತೆನೆ, ಇವೇ ನೆನಪಿಗೆ ಬರುವುದು ಸಹಜ. ಪಡುವಣ ಕಡಲ ದಂಡೆಯ ಸುರತ್ಕಲ್ ಸೀಮೆಯಲ್ಲಿ ಹಾಗಲ್ಲ. ಅಲ್ಲಿಯ ಮುಖ್ಯವಾದ ಕೊಯ್ಲು ಮಳೆ ಇನ್ನೂ ಪೂರ್ತಿ ಬಿಡದಿರುವಾಗಲೇ ಬಂದುಬಿಡುತ್ತದೆ. ಮುಂಗಾರಿನ ಬೆಳೆಗೆ ಆ ನಾಡಿನಲ್ಲಿ ಏಣೆಲು ಎಂದು ಹೆಸರು, ಅದರ ಮೇಲೆ ಸುಗ್ಗಿ, ಬೇಸಗೆಯದು ಕೊಳಕೆ. ಎತ್ತರದ ಬೆಟ್ಟುಗದ್ದೆ ಒಂದು ಬೆಳೆಯನ್ನೂ ನಡುವಣ ಮಜಲು ಎರಡನ್ನೂ ಕೊಡುವುದು. ತಗ್ಗಿನ ಬೈಲು, ನೀರಿದ್ದರೆ, ಮೂರನ್ನೂ ಕೊಡುವುದು.

ಏಣೆಲಿನ ಕೊಯ್ಲಿನ ಕಾಲದಲ್ಲಿ, ರಸಗೊಬ್ಬರವನ್ನು ಮುಟ್ಟದೆ ಬೇಸಾಯ ನಡೆಯುತ್ತಿದ್ದ ವಿಸ್ತಾರವಾದ ಬೈಲೊಂದನ್ನು ನಾವು ನೋಡಲು ಹೋಗಿದ್ದೆವು. ಕಾಲೇಜಿನವರ ಅಭ್ಯಾಸದಂತೆ ಪುಸ್ತಕ ಬಿಚ್ಚಿ, ಎಕರೆಗೆ ಎಷ್ಟು ಮುಡಿ ಅಕ್ಕಿ ಎಂದು ವಿಚಾರಿಸಿದೆವು. ಬೈಲಿನ ಯಜಮಾನರು ತುಳುವಿನಲ್ಲಿ ಕೊಟ್ಟ ಉತ್ತರದ ತಾತ್ಪರ್ಯವಿಷ್ಟು: "ಅಕ್ಕಿ ಎಷ್ಟೆಂದು ಎಲ್ಲರೂ ಕೇಳುತ್ತಾರೆ, ಮಾಸ್ಟ್ರೇ. ಹುಲ್ಲು ಎಷ್ಟೆಂದು ಯಾರೂ ಕೇಳುವುದಿಲ್ಲ." ನಮಗೆ ಕೊಂಚ ಲಜ್ಜೆಯಾಯಿತು. ಅನಂತರ ಯೋಚಿಸಿದಾಗ, ಸಾವಯವ ಕೃಷಿಯೆಂದು ಈಗ ಕರೆಯಲ್ಪಡುವ ಪದ್ಧತಿಯ ರಹಸ್ಯವೆಲ್ಲವೂ ಆ ಮಾತಿನಲ್ಲಿಯೇ ಇರುವಂತೆ ತೋರಿತು.

ಹಳೆಯ ಕ್ರಮವನ್ನು ನೋಡೋಣ. ಕೊಯ್ದ ಪೈರನ್ನು ಸೂಡಿ ಕಟ್ಟಿ ಅಂಗಳಕ್ಕೆ ತಂದು, ಪಡಿಮಂಚಕ್ಕೆ ಬಡಿದು ಭತ್ತವನ್ನು ಬೇರ್ಪಡಿಸುತ್ತಿದ್ದರು. ಭತ್ತ ಬೆಂದು ಒಣಗಿ ಕುಚ್ಚಲಕ್ಕಿಯಾಗುವುದು. ತೌಡು ದನಕ್ಕೆ, ಉಮಿ ಒಲೆಗೆ, ಅದರ ಬೂದಿ ಮರಳಿ ಗದ್ದೆಗೆ. ಬೈಹುಲ್ಲಿನ ಒಂದು ಪಾಲಿನಿಂದ ಅಕ್ಕಿಯ ಮುಡಿ ಕಟ್ಟುವರು. ಮಿಕ್ಕುದು ಬಣವೆಯಾಗಿ ವರ್ಷವೆಲ್ಲ ಹಟ್ಟಿಯ ದನಗಳಿಗೆ ಮೇವು. ಆ ದನಗಳ ಕಾಲಡಿಗೆ ಗುಡ್ಡದ ಸೊಪ್ಪು ಬೀಳುವುದು. ಅದಕ್ಕಾಗಿಯೇ ವರ್ಗದ ಭೂಮಿಯ ಸುತ್ತ 45 ಕೋಲು ದೂರದವರೆಗಿನ ಸರ್ಕಾರಿ ನೆಲದಲ್ಲಿ ಸೊಪ್ಪು ಕಟ್ಟಿಗೆಗಳನ್ನು ತೆಗೆದುಕೊಳ್ಳುವ ಕುಮ್ಕಿ ಎಂಬ ಸೌಲಭ್ಯವಿದ್ದಿತು. ಸೊಪ್ಪು, ಸೆಗಣಿ, ಗಂಜಲ ಬೆರೆತು ಕೊಳೆತ ಹಟ್ಟಿಗೊಬ್ಬರ ಮುಂದಿನ ಏಣೆಲಿಗೆ ಗದ್ದೆ ಸೇರುವುದು.

ಇದು ಬರಿಯ ರೂಢಿಯೆಂದು ಭಾವಿಸಲಾಗದು. ಒಂದು ಟನ್ ಭತ್ತ ಬೆಳೆಯುವ ಪೈರು ನೆಲದಿಂದ ಸುಮಾರು 15ರಿಂದ 20 ಕಿಲೋಗ್ರಾಂ ಸಾರಜನಕವನ್ನೂ ಹೆಚ್ಚುಕಡಿಮೆ ಅಷ್ಟೇ ಪೊಟ್ಯಾಸಿಯಮ್ಮನ್ನೂ ಹೀರುತ್ತದೆ. ಸಾರಜನಕದ ಹೆಚ್ಚಿನ ಪಾಲು ಕಾಳಿಗೆ ಹೋದರೆ, ಪೊಟ್ಯಾಸಿಯಮ್ಮಿನಲ್ಲಿ ನೂರಕ್ಕೆ ಎಂಬತ್ತರಷ್ಟು ಹುಲ್ಲಿನಲ್ಲಿಯೇ ಉಳಿಯುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮುರಕಲ್ಲಿನ ಸೀಮೆಯಲ್ಲಿ ಮಣ್ಣಿನ ಸತ್ತ್ವ ನೀರಿನೊಡನೆ ತೊಳೆದುಹೋಗುವುದು ಸುಲಭ. ಅಂಥಲ್ಲಿ ಹುಲ್ಲು ಮಾರಿದವನು ಹೊಲದ ಒಂದು ಅಂಶವನ್ನೇ ಮಾರಿದಂತಾಗುವುದು. 1924ರಿಂದ 1931ರವರೆಗೆ ಇಂದೋರಿನಲ್ಲಿ ಗೊಬ್ಬರದ ಪ್ರಯೋಗಗಳನ್ನು ನಡೆಸಿದ ಆಲ್ಬರ್ಟ್ ಹೋವಾರ್ಡನು, ನೆಲದಿಂದ ಪಡೆದುದನ್ನು ನೆಲಕ್ಕೆ ಹಿಂದಿರುಗಿಸಬೇಕೆಂಬುದನ್ನೇ ನಿಯಮವಾಗಿ ಬೋಧಿಸಿದನು. ಈ ದೇಶದ ರೈತರನ್ನು ತನ್ನ ಗುರುಗಳೆಂದು ಅವನು ಎಣಿಸಿದ್ದನೆಂಬುದೂ ಸ್ಮರಣೀಯ.

ಇಂದು ತೊಡಕಿರುವುದು ಇಲ್ಲಿಯೇ. ಕೊಯ್ಲಿಗೆ ಆಳು ಸಿಕ್ಕುವುದು ದುರ್ಲಭವಾಗಿದೆ. ಬಾಡಿಗೆಯ ಯಂತ್ರವು ಹಲವು ದಿನಗಳ ಕೆಲಸವನ್ನು ಕೆಲವು ಗಂಟೆಗಳಲ್ಲಿ ಮುಗಿಸುತ್ತದೆ. ದೊಡ್ಡ ಬೈಲಿಗೆ ಅದಿಲ್ಲದೆ ಗತಿಯಿಲ್ಲ. ಯಂತ್ರವನ್ನು ಹಳಿಯುವುದು ನ್ಯಾಯವೂ ಅಲ್ಲ. ಆದರೆ ಅದು ಉದುರಿಸಿಹೋದ ಹುಲ್ಲು ಕೆಸರಿನಲ್ಲಿ ನೆನೆಯುತ್ತದೆ. ಒಣಗಿಸಿ ಒಟ್ಟಲು ಮಳೆ ಬಿಡದು. ಹುಲ್ಲು ಕೆಟ್ಟರೆ ದನ ಸಾಕುವುದು ಭಾರವಾಗುತ್ತದೆ, ಹಟ್ಟಿ ಬರಿದಾಗುತ್ತದೆ, ಗೊಬ್ಬರ ನಿಲ್ಲುತ್ತದೆ. ಹತ್ತಿರದ ಪಣಂಬೂರಿನಲ್ಲಿ 1976ರಿಂದ ಯೂರಿಯಾ ತಯಾರಾಗುತ್ತಿದೆ. ಹಸಿದ ದೇಶಕ್ಕೆ ರಸಗೊಬ್ಬರ ಮಾಡಿದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೂ ಯೂರಿಯಾ ಸಾರಜನಕವನ್ನು ಮಾತ್ರ ಕೊಡಬಲ್ಲುದು. ಹುಲ್ಲಿನೊಡನೆ ಹೋದ ಮಿಕ್ಕುದನ್ನು ಅದು ತುಂಬಿಕೊಡಲಾರದು.

ಹಾಗೆಂದು ರಸಗೊಬ್ಬರವನ್ನು ಒಮ್ಮೆಲೇ ನಿಷೇಧಿಸಿದರೆ ತೀರಿತೇ? ಶ್ರೀಲಂಕೆಯು 2021ರಲ್ಲಿ ಹಾಗೆಯೇ ಮಾಡಿ, ಬೆಳೆ ಕುಸಿಯಲು, ಅದೇ ವರ್ಷ ನವೆಂಬರಿನಲ್ಲಿ ನಿಷೇಧವನ್ನು ಹಿಂತೆಗೆದುಕೊಂಡಿತು. ಸಿಕ್ಕಿಂ ರಾಜ್ಯವಾದರೋ 2003ರಲ್ಲಿ ಸಂಕಲ್ಪಿಸಿ, 2016ರಲ್ಲಿ ಸಂಪೂರ್ಣ ಸಾವಯವವೆಂದು ಘೋಷಿತವಾಯಿತು. ಹಟ್ಟಿ, ಗೊಬ್ಬರದ ಗುಂಡಿ, ಬೀಜ, ಇವುಗಳನ್ನು ಅಣಿಗೊಳಿಸಲು ವರ್ಷಗಳೇ ಬೇಕು. ಬೀಜದ ವಿಷಯದಲ್ಲಿ ಕಾಸರಗೋಡಿನ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರನ್ನು ಸ್ಮರಿಸಬೇಕು. 650ಕ್ಕೂ ಮಿಕ್ಕ ಭತ್ತದ ತಳಿಗಳನ್ನು ಕಾಪಾಡಿದ ಅವರಿಗೆ 2024ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ನೀಳವಾದ ದಂಟಿನ ಹಳೆಯ ತಳಿಗಳು ಕಾಳಿನೊಡನೆ ಮೇವನ್ನೂ ಧಾರಾಳವಾಗಿ ಕೊಡುವಂಥವು ಎಂಬುದನ್ನು ಮರೆಯಬಾರದು.

ಆ ಸೀಮೆಯಲ್ಲಿ ಹೊಸ ತೆನೆಯನ್ನು ಮನೆಗೆ ತಂದು ಕಟ್ಟಿ, ಹೊಸ ಅಕ್ಕಿಯ ಊಟ ಮಾಡುವ ಪದ್ಧತಿ ಈಗಲೂ ಇದೆ. ಕ್ರೈಸ್ತ ಬಂಧುಗಳು ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಇಗರ್ಜಿಯಿಂದ ತೆನೆ ತಂದು ಹೊಸದನ್ನು ಉಣ್ಣುತ್ತಾರೆ. ಕೊಯ್ಲಿನ ಫಲವನ್ನು ನಗರವಾಸಿಗಳಾದ ನಾವೂ ಉಣ್ಣುವವರೇ. ಗೊಬ್ಬರ ಹೊರುವವರ ಕೂಲಿ, ಹಸು ಸಾಕುವವರ ಶ್ರಮ, ಮಳೆಯ ನಡುವೆ ಹುಲ್ಲು ಒಣಗಿಸುವ ಪಾಡು ಇವಿಷ್ಟೂ ಅಕ್ಕಿಯ ಬೆಲೆಯಲ್ಲಿ ಸೇರದಿದ್ದರೆ, ಈ ಬೇಸಾಯ ಒಬ್ಬಿಬ್ಬರ ಹಟವಾಗಿ ಉಳಿದೀತೇ ಹೊರತು ವಿಸ್ತಾರವಾದ ಬೈಲಿಗೆ ಹಬ್ಬಲಾರದು. ಆದುದರಿಂದ ಸಾವಯವವೆಂಬ ಚೀಟಿ ಹಚ್ಚಿದ ಅಕ್ಕಿಯನ್ನು ಕೊಳ್ಳುವಾಗ ಬೆಲೆಯೊಂದನ್ನೇ ಚರ್ಚಿಸದೆ, ಅದರ ಹುಲ್ಲು ಎಲ್ಲಿಗೆ ಹೋಯಿತೆಂದೂ ಕೇಳಬೇಕು. ಬೈಲಿನ ಯಜಮಾನರು ನಮಗೆ ಕಲಿಸಿದ ಪ್ರಶ್ನೆ ಅದು. ತಮ್ಮ ಮುಂದೆಯೂ ಅದನ್ನೇ ಇಟ್ಟಿದ್ದೇವೆ.