ಗಲಭೆ ಮತ್ತು ಗೋಲೀಬಾರು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಿಂದ ಕನ್ನಡ ನುಡಿಯ ಹಿರಿಮೆಯನ್ನೂ ಗಡಿನಾಡಿನ ಕಷ್ಟಸುಖಗಳನ್ನೂ ಕುರಿತು ಮಾತನಾಡುವುದು ವಾಡಿಕೆ. ನಮ್ಮನ್ನು ಕರೆದ ಮಿತ್ರರೂ ಅದನ್ನೇ ನಿರೀಕ್ಷಿಸಿದ್ದರು. ಆದರೆ ಈ ಸಲ ಬೇರೊಂದು ವಿಷಯವನ್ನು ತಮ್ಮ ಮುಂದಿಡಲು ಅವರ ಅಪ್ಪಣೆ ಬೇಡಿದೆವು. ಅವರು ದೊಡ್ಡ ಮನಸ್ಸಿನಿಂದ ಒಪ್ಪಿದರು. ಗಲಭೆಗಿಳಿದ ಗುಂಪಿನ ಮೇಲೆ ಪೋಲೀಸರು ಪ್ರಾಣ ಹೋಗುವಂತೆ ಗುಂಡು ಹಾರಿಸಬಹುದೇ? ಹಾರಿಸಬಹುದಾದರೆ ಯಾವಾಗ, ಎಷ್ಟರಮಟ್ಟಿಗೆ? ಇದೇ ಆ ವಿಷಯ. ವ್ಯಾಕರಣ ಛಂದಸ್ಸುಗಳ ಪಾಠ ಹೇಳುವ ಕನ್ನಡ ಪಂಡಿತರಿಗೆ ಇದರ ಗೊಡವೆ ಏಕೆ ಎಂದು ತಾವು ಕೇಳಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಈ ಗಡಿಭಾಗದ ಒಂದು ಊರಿನಲ್ಲಿ ಮೆರವಣಿಗೆಯೊಂದು ಕೆಟ್ಟು ಗಲಭೆಯಾಯಿತು. ಕಲ್ಲುಗಳು ತೂರಿದವು, ಅಂಗಡಿಗಳ ಗಾಜು ಒಡೆದವು. ಬಂದೋಬಸ್ತಿಗೆ ನಿಂತಿದ್ದ ಪೋಲೀಸರಲ್ಲಿ ಒಬ್ಬನು ನಮ್ಮ ಹಳೆಯ ವಿದ್ಯಾರ್ಥಿ. ಕಲ್ಲೊಂದು ತಗುಲಿ ಅವನ ಹುಬ್ಬಿನ ಮೇಲೆ ಗಾಯವಾಯಿತು. ಕೈಯಲ್ಲಿ ಬಂದೂಕು, ಕಣ್ಣಿಗೆ ಇಳಿಯುತ್ತಿದ್ದ ರಕ್ತ. ಎದುರಿನ ಗುಂಪಿನ ಮೊದಲ ಸಾಲಿನಲ್ಲಿ ನಿಂತಿದ್ದವನು ಶಾಲೆಯಲ್ಲಿ ಅವನ ಜೊತೆಗೆ ಒಂದೇ ಬೆಂಚಿನ ಮೇಲೆ ಕುಳಿತವನು. ಮೇಲಧಿಕಾರಿ ಎದೆಗೆಡಲಿಲ್ಲ, ಅಶ್ರುವಾಯುವಿನಿಂದಲೂ ಲಾಠಿಯಿಂದಲೂ ಗುಂಪನ್ನು ಚದುರಿಸಿದನು. ಯಾರೂ ಸಾಯಲಿಲ್ಲ. ಆ ವರ್ಷ ದೀಪಾವಳಿಗೆ ಇಬ್ಬರೂ ನಮ್ಮ ಮನೆಗೆ ಬಂದರು. ಪೋಲೀಸನಾದವನು ಮೆಲ್ಲಗೆ ಹೇಳಿದನು: "ಹುಕುಮ್ ಬಂದಿದ್ರ ನಾ ಹಾರಸೇ ಬಿಡ್ತಿದ್ದೆ, ಗುರುಗಳ. ಆಮ್ಯಾಲೆ ಅವನ ತಾಯಿ ಮುಂದ ಹ್ಯಾಂಗ ನಿಲ್ಲತಿದ್ದೆ?" ಇನ್ನೊಬ್ಬನು ತಲೆ ತಗ್ಗಿಸಿ, "ನಾ ಕಲ್ಲು ಒಗೀಲಿಲ್ಲರಿ. ಒಗೆಯೋರನ್ನ ಬ್ಯಾಡ ಅಂತಲೂ ಅನ್ನಲಿಲ್ಲ" ಎಂದನು. ಅಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ.

ಮೊದಲು ಗೋಲೀಬಾರಿನ ಪರವಾಗಿ ಹೇಳಬಹುದಾದುದನ್ನು ನ್ಯಾಯವಾಗಿ ಹೇಳಬೇಕು. ದಂಡವೇ ಇಲ್ಲದ ನಾಡಿನಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯವೇ ಉಳಿಯುತ್ತದೆ ಎಂಬುದು ನಮ್ಮ ಹಿಂದಿನವರ ಅನುಭವ. 1984ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾದ ಬಳಿಕ ದೆಹಲಿಯ ಬೀದಿಗಳಲ್ಲಿ ಸಿಖ್ಖರನ್ನು ಹುಡುಕಿ ಹುಡುಕಿ ಕೊಂದರು. ಸರಕಾರದ ಲೆಕ್ಕದ ಪ್ರಕಾರವೇ ಆ ಒಂದು ನಗರದಲ್ಲಿ ಸತ್ತವರು 2,733 ಮಂದಿ. ಅನೇಕ ಕಡೆ ಪೋಲೀಸರು ಕೈಕಟ್ಟಿ ನಿಂತಿದ್ದರು. ಮನೆಯೊಳಗೆ ಕೂಡಿಹಾಕಿ ಬೆಂಕಿ ಹಚ್ಚುತ್ತಿರುವ ಗುಂಪಿನ ಮುಂದೆ ಬಂದೂಕು ಹಿಡಿದವನು ಸುಮ್ಮನಿದ್ದರೆ ಅದನ್ನು ಅಹಿಂಸೆ ಎನ್ನಲಾದೀತೇ? ಅದು ಕೊಲೆಯಲ್ಲಿ ಪಾಲುಗೊಂಡಂತೆ. ಆದುದರಿಂದ 'ಎಂದೂ ಗುಂಡು ಹಾರಿಸಕೂಡದು' ಎನ್ನುವವರ ಪಕ್ಷಕ್ಕೆ ನಾವು ಸೇರಲಾರೆವು. ಪೋಲೀಸನಾದರೂ ಒಬ್ಬ ತಾಯಿಯ ಮಗನೇ. 1922ರ ಫೆಬ್ರವರಿ 4ರಂದು ಚೌರಿಚೌರಾದಲ್ಲಿ ರೊಚ್ಚಿಗೆದ್ದ ಗುಂಪು ಠಾಣೆಗೆ ಬೆಂಕಿಯಿಟ್ಟು ಪೋಲೀಸರನ್ನು ಕೊಂದಾಗ ಗಾಂಧೀಜಿಯವರು ದೇಶವ್ಯಾಪಿಯಾಗಿದ್ದ ಚಳವಳಿಯನ್ನೇ ನಿಲ್ಲಿಸಿದರು. ಸತ್ತವರು ಪರಕೀಯ ಸರಕಾರದ ಸೇವಕರೆಂದು ಅವರು ಆ ಸಾವನ್ನು ಹಗುರವಾಗಿ ಎಣಿಸಲಿಲ್ಲ.

ಇನ್ನು ಮತ್ತೊಂದು ಮುಖವನ್ನು ನೋಡೋಣ. ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ನಾವು ಸೇರಿರುವ ಈ ಸೊಲ್ಲಾಪುರವೇ ಸಾಕ್ಷಿ. 1930ರ ಮೇ ತಿಂಗಳ ಮೊದಲ ವಾರದಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಇಲ್ಲಿಯ ಗಿರಣಿಗಳು ನಿಂತವು, ಕಾಮಗಾರರು ಬೀದಿಗಿಳಿದರು. ಮೇ 8ರಂದು ಪೋಲೀಸರು ಗುಂಡು ಹಾರಿಸಿದರು, ಜನ ಸತ್ತರು. ಗುಂಪು ಚದುರಿತೇ? ಇಲ್ಲ. ರೊಚ್ಚು ಇಮ್ಮಡಿಯಾಯಿತು. ಪೋಲೀಸ್ ಚೌಕಿಗಳೂ ನ್ಯಾಯಾಲಯವೂ ಬೆಂಕಿಗೆ ತುತ್ತಾದವು, ಪೋಲೀಸರ ಹತ್ಯೆಯೂ ನಡೆಯಿತು. ಅದೇ ತಿಂಗಳು ಊರಿನ ಮೇಲೆ ಲಷ್ಕರಿ ಆಡಳಿತ ಬಂದಿತು. ಕೊನೆಗೆ 1931ರ ಜನವರಿ 12ರಂದು ಯೆರವಡಾ ಸೆರೆಮನೆಯಲ್ಲಿ ನಾಲ್ವರು ಗಲ್ಲಿಗೇರಿದರು: ಮಲ್ಲಪ್ಪ ಧನಶೆಟ್ಟಿ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ. ಅವರು ನಿರಪರಾಧಿಗಳೆಂಬುದು ಊರಿನ ನಂಬಿಕೆ. ಆ ನಾಲ್ಕು ಹೆಸರುಗಳಲ್ಲಿ ಈ ಊರಿನ ಎಲ್ಲ ಓಣಿಗಳೂ ಎಲ್ಲ ಮನೆಮಾತುಗಳೂ ಇದ್ದಂತಿವೆ. ಹುತಾತ್ಮರ ಪ್ರತಿಮೆಗಳ ಮುಂದೆ ನಾವೆಲ್ಲರೂ ದಿನವೂ ಹಾದುಹೋಗುತ್ತೇವೆ. ಮೊದಲನೆಯ ಗುಂಡು ಎಷ್ಟು ದೂರ ಹೋಗಿ ಮುಟ್ಟಿತೆಂಬುದನ್ನು ಮಾತ್ರ ನೆನೆಯುವುದು ಕಡಮೆ.

'ಅದು ಪರಕೀಯರ ಆಳ್ವಿಕೆ; ನಮ್ಮವರೇ ಆಳುವಾಗ ಹಾಗಾಗದು' ಎಂದು ಕೆಲವರು ಹೇಳಬಹುದು. ಸ್ವಾತಂತ್ರ್ಯಾನಂತರದ ಒಂದು ಸಂಗತಿಯನ್ನು ಕೇಳಬೇಕು. ಅದೂ ನಮ್ಮದರಂತೆ ಗಡಿಯ ಪ್ರಶ್ನೆ, ಭಾಷೆಯ ಪ್ರಶ್ನೆ. ತಿರುವಾಂಕೂರು-ಕೊಚ್ಚಿ ಸಂಸ್ಥಾನದ ದಕ್ಷಿಣ ತಾಲೂಕುಗಳ ತಮಿಳರು ತಮ್ಮ ನೆಲ ಮದರಾಸಿಗೆ ಸೇರಬೇಕೆಂದು ಚಳವಳಿ ಹೂಡಿದ್ದರು. 1954ರ ಆಗಸ್ಟಿನಲ್ಲಿ ಅವರ ಮೇಲೆ ಗೋಲೀಬಾರಾಗಿ ಜನ ಸತ್ತರು. ಆಗ ಅಲ್ಲಿ ಅಧಿಕಾರದಲ್ಲಿದ್ದುದು ಪಟ್ಟಂ ಥಾಣು ಪಿಳ್ಳೆಯವರ ಪ್ರಜಾ ಸಮಾಜವಾದಿ ಮಂತ್ರಿಮಂಡಲ. ಅದೇ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಡಾ. ರಾಮಮನೋಹರ ಲೋಹಿಯಾ ಅವರು ತಮ್ಮದೇ ಸರಕಾರ ರಾಜೀನಾಮೆ ಕೊಡಬೇಕೆಂದು ಒತ್ತಾಯಪಡಿಸಿದರು. ಪಕ್ಷ ಒಪ್ಪಲಿಲ್ಲ, ಮುಂದೆ ಲೋಹಿಯಾ ಅವರೇ ಆ ಪಕ್ಷದಿಂದ ಬೇರೆಯಾದರು. ಆ ತಾಲೂಕುಗಳು ಏನಾದವು? 1956ರ ನವೆಂಬರ್ 1ರಂದು ಅವು ಮದರಾಸು ರಾಜ್ಯಕ್ಕೆ ಸೇರಿ ಕನ್ಯಾಕುಮಾರಿ ಜಿಲ್ಲೆಯಾದವು. ಕೊನೆಗೆ ಮಾತಿನಿಂದಲೂ ಕಾಯಿದೆಯಿಂದಲೂ ಬಗೆಹರಿದ ಪ್ರಶ್ನೆಗೆ ನಡುವೆ ಪ್ರಾಣಗಳು ಬಲಿಯಾದವು. ಸಂಯುಕ್ತ ಮಹಾರಾಷ್ಟ್ರದ ಚಳವಳಿಯಲ್ಲಿ ಮುಂಬಯಿಯ ಬೀದಿಗಳಲ್ಲಿ ಗುಂಡಿಗೆ ಬಿದ್ದವರ ಕಥೆಯೂ ಇಂಥದೇ. ಗಡಿಯ ವಿಷಯದಲ್ಲಿ ನಮಗೂ ನೆರೆಯವರಿಗೂ ಭಿನ್ನಾಭಿಪ್ರಾಯವಿರಬಹುದು. ಮಗನನ್ನು ಕಳೆದುಕೊಂಡ ತಾಯಿಯ ಅಳಲಿಗೆ ಮಾತ್ರ ಮರಾಠಿ, ಕನ್ನಡ, ತಮಿಳು ಎಂಬ ಭೇದವಿಲ್ಲ.

ಹಾಗಾದರೆ ಗೆರೆಯನ್ನು ಎಲ್ಲಿ ಎಳೆಯಬೇಕು? ಕಾನೂನು ಏನನ್ನುತ್ತದೆಂಬುದನ್ನು ಮೊದಲು ತಿಳಿಯೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಶಾಂತಿಭಂಗ ಮಾಡುವಂತಿರುವ ಐವರು ಅಥವಾ ಹೆಚ್ಚು ಜನರ ಗುಂಪಿಗೆ ಮೊದಲು 'ಚದುರಿರಿ' ಎಂದು ಆಜ್ಞೆ ಕೊಡಬೇಕು. ಆ ಆಜ್ಞೆ ಕೊಡತಕ್ಕವರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಅಥವಾ ಠಾಣೆಯ ಮುಖ್ಯಾಧಿಕಾರಿ. ಅವನಿಲ್ಲದಾಗ ಸಬ್ ಇನ್‌ಸ್ಪೆಕ್ಟರಿಗಿಂತ ಕೆಳಗಿನವನಲ್ಲದ ಅಧಿಕಾರಿ. ಗುಂಪು ಕೇಳದಿದ್ದರೆ ಮಾತ್ರ ಬಲಪ್ರಯೋಗ. ಸೈನ್ಯವನ್ನು ಕರೆಸಿದಾಗಲೂ ಕೆಲಸಕ್ಕೆ ಸಾಕಾಗುವಷ್ಟು ಕನಿಷ್ಠ ಬಲವನ್ನೇ ಬಳಸಬೇಕು, ಜನರಿಗೂ ಆಸ್ತಿಗೂ ಆದಷ್ಟು ಕಡಮೆ ಹಾನಿ ಮಾಡಬೇಕು ಎಂದು ಅದೇ ಸಂಹಿತೆ ವಿಧಿಸುತ್ತದೆ. 1990ರಲ್ಲಿ ಹವಾನಾದಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ಅಂಗೀಕರಿಸಿದ ಮೂಲತತ್ತ್ವಗಳು ಇನ್ನೂ ಸ್ಪಷ್ಟವಾಗಿವೆ: ಪ್ರಾಣ ಉಳಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಬೇಕೆಂದೇ ಪ್ರಾಣ ತೆಗೆಯುವಂತೆ ಆಯುಧ ಬಳಸಬಹುದು.

ನಮ್ಮ ಅಭಿಪ್ರಾಯವೂ ಇದೇ. ಪ್ರಾಣಕ್ಕೆ ಸಮನಾದುದು ಪ್ರಾಣವೊಂದೇ. ಕಣ್ಣೆದುರಿಗೆ ಒಬ್ಬರ ಜೀವ ಹೋಗುವ ಹೊತ್ತು, ಬೇರೆ ಉಪಾಯ ಉಳಿದಿಲ್ಲ ಎಂದಾಗ, ಆ ಕೊಲೆಗೆ ಕೈಯೆತ್ತಿದವನ ಮೇಲೆ ಗುಂಡು ಹಾರಿಸುವುದು ಕರ್ತವ್ಯ. ಅಂಗಡಿಯ ಗಾಜಿಗಾಗಿ, ಸರಕಾರಿ ಬಸ್ಸಿಗಾಗಿ, ಅಧಿಕಾರಿಯ ಮರ್ಯಾದೆಗಾಗಿ, 'ಜನರಿಗೆ ಬುದ್ಧಿ ಕಲಿಸಬೇಕು' ಎಂಬ ಹಟಕ್ಕಾಗಿ ಹಾರಿಸಿದ ಗುಂಡು ಅನ್ಯಾಯವಾದುದು. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ಸೈನಿಕರಿಂದ 1,650 ಸುತ್ತು ಗುಂಡು ಹಾರಿಸಿದ ಡಯರ್, ಗುಂಡಿಲ್ಲದೆಯೇ ಆ ಜನರನ್ನು ಚದುರಿಸಬಹುದಾಗಿತ್ತೆಂದು ವಿಚಾರಣೆಯಲ್ಲಿ ತಾನೇ ಒಪ್ಪಿಕೊಂಡನು. ಅವನಿಗೆ ಬೇಕಾಗಿದ್ದುದು ಭಯ. ಶಿಕ್ಷೆ ಕೊಡುವುದು ನ್ಯಾಯಾಧೀಶರ ಕೆಲಸ. ಅವರು ಸಾಕ್ಷಿ ಕೇಳುತ್ತಾರೆ, ಹೆಸರು ಕೇಳುತ್ತಾರೆ. ಗುಂಡಿಗೆ ಹೆಸರು ತಿಳಿಯದು. ಕಲ್ಲೆಸೆದವನು ಓಡಿಹೋಗಿರುತ್ತಾನೆ; ಬೀಳುವವನು ತರಕಾರಿಗೆಂದು ಪೇಟೆಗೆ ಬಂದವನಾಗಿರಬಹುದು, ತಮ್ಮನನ್ನು ಹುಡುಕುತ್ತ ಬಂದ ಅಣ್ಣನಾಗಿರಬಹುದು.

ಗುಂಡು ಹಾರಿದ ಮೇಲೆ ಅದರ ಲೆಕ್ಕ ಒಪ್ಪಿಸುವುದೂ ಅಷ್ಟೇ ಮುಖ್ಯ. ಯಾರು ಆಜ್ಞೆ ಕೊಟ್ಟರು, ಮೊದಲು ಏನೇನು ಪ್ರಯತ್ನ ನಡೆಯಿತು, ಎಷ್ಟು ಸುತ್ತು ಹಾರಿತು ಎಂಬುದು ಬಹಿರಂಗವಾಗಬೇಕು. ಬಿಹಾರದ ಅರವಾಲಿನಲ್ಲಿ 1986ರ ಏಪ್ರಿಲ್ 19ರಂದು ಬಡವರ ಸಭೆಯ ಮೇಲೆ ಪೋಲೀಸರು ಗುಂಡು ಹಾರಿಸಿ, ಮಕ್ಕಳೂ ಸೇರಿ 21 ಮಂದಿ ಸತ್ತರು. ಅನಂತರ ಸರ್ವೋಚ್ಚ ನ್ಯಾಯಾಲಯವು ಸತ್ತವರ ಕುಟುಂಬಗಳಿಗೆ ತಲಾ 20,000 ರೂಪಾಯಿ ಪರಿಹಾರ ಕೊಡಬೇಕೆಂದು ವಿಧಿಸಿತು. ಹಣದಿಂದ ಜೀವ ಮರಳದು ನಿಜ. ಆದರೂ ಸರಕಾರ ಹಾರಿಸಿದ ಗುಂಡಿಗೆ ಸರಕಾರವೇ ಹೊಣೆ ಎಂಬ ಮಾತಿಗೆ ಅದರಿಂದ ಬಲ ಬಂದಿತು.

ಇಷ್ಟೆಲ್ಲವನ್ನೂ ಪೋಲೀಸರಿಗೆ ಹೇಳಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮ ಸಂಘವೂ ಶಾಲೆಗಳಿಗಾಗಿ, ಪಠ್ಯಪುಸ್ತಕಗಳಿಗಾಗಿ, ಶಿಕ್ಷಕರಿಗಾಗಿ ಮನವಿ ಕೊಡುತ್ತದೆ. ಬೇಕಾದಾಗ ಮೆರವಣಿಗೆ ಹೊರಡಿಸುತ್ತದೆ. ಅದು ನಮ್ಮ ಹಕ್ಕು. ಆದರೆ ಮೆರವಣಿಗೆ ಹೊರಡಿಸುವವರು ಅದನ್ನು ಶಾಂತವಾಗಿ ಮನೆಗೆ ಮುಟ್ಟಿಸುವ ಭಾರವನ್ನೂ ಹೊರಬೇಕು. ಪ್ರತಿಯೊಂದು ಸಾಲಿಗೂ ಒಬ್ಬ ಹಿರಿಯರು ನಿಲ್ಲಲಿ. ಶಾಲೆಯ ಮಕ್ಕಳನ್ನು ಮುಂದೆ ನಿಲ್ಲಿಸುವ ಕೆಟ್ಟ ಪದ್ಧತಿ ತೊಲಗಲಿ. ಕಲ್ಲು ಎತ್ತಿದವನ ಕೈಯನ್ನು ಪಕ್ಕದವನೇ ಹಿಡಿಯಲಿ. ಕಲ್ಲಿನಿಂದ ಒಂದು ಕನ್ನಡ ಶಾಲೆಯೂ ಉಳಿದಿಲ್ಲ. ಉಳಿದಿರುವವು ತಾಯಿತಂದೆಗಳು ಮಕ್ಕಳನ್ನು ಕಳುಹಿಸಿದುದರಿಂದ ಉಳಿದಿವೆ.

ಆ ಇಬ್ಬರು ವಿದ್ಯಾರ್ಥಿಗಳ ಮಾತಿನಿಂದಲೇ ಮುಗಿಸುತ್ತೇವೆ. ಈಗ ಇಬ್ಬರ ಮಕ್ಕಳೂ ನಮ್ಮ ಶಾಲೆಗೇ ಬರುತ್ತಾರೆ. ಹಾಜರಿ ಕರೆಯುವಾಗ ಆ ಎರಡು ಹೆಸರುಗಳು ಒಂದಾದ ಮೇಲೊಂದು ಬರುತ್ತವೆ; ಎರಡಕ್ಕೂ 'ಹಾಜರ್' ಎಂಬ ಉತ್ತರ ಬರುತ್ತದೆ. ಅಂದು ಆಜ್ಞೆ ಕೊಡದೆ ತಾಳ್ಮೆಯಿಂದ ನಿಂತ ಆ ಅಧಿಕಾರಿಯನ್ನು ನಾವು ಆಗ ನೆನೆಯುತ್ತೇವೆ. ಅವರ ಹೆಸರೂ ನಮಗೆ ತಿಳಿಯದು. ನಮ್ಮ ನಾಡಿನಲ್ಲಿ ಅಂಥವರು ಹೆಚ್ಚಲಿ. ಅಂಥವರ ತಾಳ್ಮೆಯನ್ನು ಪರೀಕ್ಷಿಸದಿರುವ ವಿವೇಕ ನಮಗೂ ಬರಲಿ.